ಇನ್ನೂ ಇಲ್ಲೇ ಇದ್ದೀನಿ

ನಮ್ಮ ಪಕ್ಕದ ಮನೆಯ ಹಿರಿಯರು ವಿಮಾನ ನಿಲ್ದಾಣಗಳ ರೇಡಿಯೋ ಕೋಣೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅವರ ಅಕ್ಕನ ಮಗಳು ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಶಾಲಾ ಶಿಕ್ಷಕಿ. ಅಲ್ಲಿನ ನೂರು ಊರುಗಳಲ್ಲಿ 82 ಊರುಗಳಿಗೆ ರಸ್ತೆಯ ಸಂಪರ್ಕವಿಲ್ಲ. ನಮ್ಮಲ್ಲಿ ಮನೆಗೊಂದು ಬೈಕಿದ್ದ ಹಾಗೆ ಅಲ್ಲಿ ಸಣ್ಣ ವಿಮಾನಗಳು. ಅವಳೂ ಇಬ್ಬರು ಸಹೋದ್ಯೋಗಿಗಳ ಜೊತೆ ಪಾಲು ಹಾಕಿ ಹಳೆಯ ಸೆಸ್ನಾ 180 ಒಂದನ್ನು ಕೊಂಡಿದ್ದಾಳೆ. ಕಳೆದ ಆಗಸ್ಟಿನಲ್ಲಿ ಗೆಳತಿಯೊಬ್ಬಳ ಜೊತೆ ಬ್ರೂಕ್ಸ್ ಪರ್ವತಸಾಲಿಗೆ ಹೋಗಿ, ನದಿಯ ಜಲ್ಲಿದಂಡೆಯಲ್ಲಿ ಇಳಿದು, ಮೋಡ ಕವಿದ ಕಾರಣ ನಾಲ್ಕು ದಿನ ಅಲ್ಲೇ ಉಳಿದಿದ್ದಳು. ಡಿಸೆಂಬರಿನಲ್ಲಿ ಅವಳು ಮೈಸೂರಿಗೆ ಬಂದಾಗ ಮಾವ–ಸೊಸೆ ಹಜಾರದಲ್ಲಿ ಕೂತು ಆಡಿದ ಮಾತಿದು. ಪೇಪರ್ ಹಿಂದಿರುಗಿಸಲು ಹೋದವನು ನಾನೂ ಅಲ್ಲೇ ಕೂತುಬಿಟ್ಟೆ.

ಮಾವ: ಎಲ್ಲಿ ಮಗೂ, ಸಂದೇಶ ಕಳಿಸೋ ಆ ಡಬ್ಬಿ? ಕೈಯಲ್ಲಿ ಹಿಡಿದು ನೋಡಬೇಕು ಅಂತ ಕಾಯ್ತಾ ಇದ್ದೆ.

ಸೊಸೆ: ತರಲಿಲ್ಲ ಮಾವ. ಉಪಗ್ರಹದ ಜೊತೆ ಮಾತಾಡೋ ಯಂತ್ರಾನ ಸರ್ಕಾರದ ಅನುಮತಿ ಇಲ್ಲದೆ ಭಾರತಕ್ಕೆ ತರೋ ಹಾಗಿಲ್ಲ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರನ್ನ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂರಿಸಿದ್ದಾರೆ. ಅದಕ್ಕೆ ಅಲ್ಲೇ ಬಿಟ್ಟು ಬಂದೆ. ನಿಜ ಹೇಳ್ಲಾ? ಅದು ಹತ್ತಿರ ಇಲ್ಲ ಅಂತ ಒಂಥರಾ ಹಗುರ ಅನ್ನಿಸ್ತಿದೆ.

ಮಾವ: ಹಗುರ ಅಂತೀಯಲ್ಲ! ಆ ನಾಲ್ಕು ದಿನ ನಾವು ಉಸಿರು ಹಿಡಿದು ಕೂತಿದ್ದು ಆ ಡಬ್ಬಿಯನ್ನ ನಂಬಿಕೊಂಡು. ಅದೊಂದು ಇಲ್ಲದಿದ್ದರೆ ನಿಮ್ಮಮ್ಮನ ಗತಿ ಏನಾಗ್ತಿತ್ತು ಯೋಚನೆ ಮಾಡು.

ಸೊಸೆ: ಯೋಚನೆ ಮಾಡಿದ್ದೀನಿ. ಅದಕ್ಕೇ ಈ ಮಾತು ಎತ್ತಿದ್ದು. ಮುಂದಿನ ಸಲ ಹೋಗುವಾಗ ಅದನ್ನ ಆಫ್ ಮಾಡಿಟ್ಟು, ದಿನಕ್ಕೆ ಒಂದೇ ಸಲ ತೆಗೆಯೋಣ ಅಂತಿದ್ದೀನಿ. ಬೆಳಗ್ಗೆ ಒಂದು ಸಾಲು, ಅಷ್ಟೇ. ನಿಮ್ಮ ಕಡೆಯಿಂದ ಪ್ರಶ್ನೆ ಬೇಡ.

ಮಾವ: ನನ್ನ ಸರ್ವೀಸಿನಲ್ಲಿ ಒಂದು ರಾತ್ರಿ ನಡೆದದ್ದು ಹೇಳ್ತೀನಿ ಕೇಳು. ಮಳೆಗಾಲ. ಒಂದು ಸಣ್ಣ ವಿಮಾನ ಸಂಜೆ ಐದೂವರೆಗೆ ಬರಬೇಕಿತ್ತು, ಬರಲಿಲ್ಲ. ನಮ್ಮ ಕೆಲಸದಲ್ಲಿ ಅದಕ್ಕೆ ಮೂರು ಮೆಟ್ಟಿಲು. ಬರಬೇಕಾದ ಸುದ್ದಿ ಬರದೆ ಅರ್ಧ ಗಂಟೆ ದಾಟಿದರೆ ಅನಿಶ್ಚಿತ ಸ್ಥಿತಿ. ವಿಚಾರಿಸಿದರೂ ಸುಳಿವು ಸಿಗದಿದ್ದರೆ ಎಚ್ಚರಿಕೆಯ ಸ್ಥಿತಿ. ಆಮೇಲೆ ಅಪಾಯದ ಸ್ಥಿತಿ. ಇಡೀ ಪ್ರಪಂಚಕ್ಕೆ ಇದೇ ನಿಯಮ. ಆವತ್ತು ಮೂರೂ ಮೆಟ್ಟಿಲು ಹತ್ತಿದ್ವಿ. ರಾತ್ರಿಯಿಡೀ ಹೆಡ್‌ಫೋನ್ ಹಾಕ್ಕೊಂಡು ಆ ವಿಮಾನದ ಗುರುತಿನ ಅಕ್ಷರಗಳನ್ನ ಹೇಳ್ತಾ ಇದ್ದೆ. ಕಿವಿಯಲ್ಲಿ ಬರೀ ಕರಕರ ಸದ್ದು. ಬೆಳಗ್ಗೆ ಏಳಕ್ಕೆ ಪೈಲಟ್ ಫೋನ್ ಮಾಡಿದ. ಮೋಡ ಕಂಡು ದಾರಿಯಲ್ಲೇ ಯಾವುದೋ ಹಳೇ ರನ್‌ವೇಯಲ್ಲಿ ಇಳಿಸಿದ್ದನಂತೆ. ಅಲ್ಲಿ ಟೆಲಿಫೋನ್ ಲೈನ್ ಸತ್ತಿತ್ತು, ಗೆಸ್ಟ್‌ಹೌಸಿನಲ್ಲಿ ಮಲಗಿ ಎದ್ದು ಬಂದಿದ್ದ. ಅವನು ಮಾಡಿದ್ದು ನೂರಕ್ಕೆ ನೂರು ಸರಿ. ಆದರೂ ರಿಸೀವರ್ ಇಟ್ಟ ಮೇಲೆ ಅರ್ಧ ಗಂಟೆ ನನ್ನ ಕೈ ನಡುಗ್ತಾನೇ ಇತ್ತು.

ಸೊಸೆ: ಅವನು ಇಳಿದಿದ್ದು ಸರಿ ಅಂತ ನೀವೇ ಹೇಳಿದಿರಲ್ಲ ಮಾವ. ಆಗ ಅವನ ಜೇಬಲ್ಲಿ ಈ ಡಬ್ಬಿ ಇದ್ದು, ನೆಲದ ಮೇಲಿರೋ ಹತ್ತು ಜನ "ಎಲ್ಲಿದ್ದೀಯ, ಯಾವಾಗ ಬರ್ತೀಯ" ಅಂತ ಕೇಳ್ತಾ ಇದ್ದಿದ್ದರೆ ಇಳೀತಿದ್ದನಾ? ಇಲ್ಲ, "ಇನ್ನು ಹತ್ತೇ ನಿಮಿಷ" ಅಂತ ಮೋಡದೊಳಗೆ ನುಗ್ಗುತ್ತಿದ್ದನಾ?

ಮಾವ: ಅದು ನೀನು ಕಟ್ಟಿದ ಕಥೆ. ನಾನು ಹೇಳೋದು ನಡೆದದ್ದು. 1967ರ ಮಾರ್ಚ್. ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿ ಒಂದು ಸೆಸ್ನಾ 195 ಹಿಮಗಾಳಿಗೆ ಸಿಕ್ಕಿ ಬಿತ್ತು. ಗಂಡ, ಹೆಂಡತಿ, ಹೆಂಡತಿಯ ಮಗಳು. ಬಿದ್ದಾಗ ಮೂವರೂ ಬದುಕಿದ್ದರು. ಆ ಹುಡುಗಿಗೆ 16 ವರ್ಷ, ಡೈರಿ ಬರೆದಳು. ಎಷ್ಟು ದಿನ ಗೊತ್ತಾ? 54 ದಿನ. ಹವಾಮಾನ ಕೆಟ್ಟಿತ್ತು, ಹುಡುಕೋರಿಗೆ ಸಿಗಲಿಲ್ಲ. ಅಕ್ಟೋಬರಿನಲ್ಲಿ ಬೇಟೆಗಾರರ ಕಣ್ಣಿಗೆ ಬಿದ್ದಿದ್ದು ಮುರಿದ ವಿಮಾನ ಮತ್ತು ಆ ಡೈರಿ. ಅಮೆರಿಕದವರು ಸಣ್ಣ ವಿಮಾನಗಳಲ್ಲೂ ತುರ್ತು ಸಂಕೇತದ ಯಂತ್ರ ಕಡ್ಡಾಯ ಅಂತ ಕಾನೂನು ಮಾಡಿದ್ದು ಅದಾದ ಮೇಲೆ, 1970ರಲ್ಲಿ. ಆ ಹುಡುಗಿಯ ಕೈಯಲ್ಲಿ ನಿನ್ನ ಡಬ್ಬಿ ಇದ್ದಿದ್ದರೆ?

ಸೊಸೆ: ಇದ್ದಿದ್ದರೆ ಮೂವರೂ ಬದುಕೋರು. ಅದಕ್ಕೆ ನನ್ನ ಹತ್ತಿರ ಎದುರುಮಾತಿಲ್ಲ. ಆದರೆ ಅವರು ಬಿದ್ದಿದ್ದರು ಮಾವ. ನಾನು ಬಿದ್ದಿರಲಿಲ್ಲ. ಟೆಂಟಿನಲ್ಲಿ ಒಲೆ ಹಚ್ಚಿಕೊಂಡು ಗಂಜಿ ಕುಡೀತಾ ಮೋಡ ಸರಿಯೋದನ್ನ ಕಾಯ್ತಾ ಇದ್ದೆ. ಎರಡೂ ಬೇರೆ ಬೇರೆ.

ಮಾವ: ನಿನಗೆ ಬೇರೆ ಬೇರೆ. ಇಲ್ಲಿ ಕೂತೋರಿಗೆ ಎರಡೂ ಒಂದೇ ಥರ ಕೇಳಿಸುತ್ತೆ, ಏನೂ ಕೇಳಿಸಲ್ಲ. ನಿನ್ನ ವಿಮಾನದ ಬಾಲದಲ್ಲಿರೋ ಯಂತ್ರಾನೂ ಅಷ್ಟೇ. ಜೋರಾಗಿ ಅಪ್ಪಳಿಸಿದರೆ ಅದು ತಾನೇ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತೆ. ಸುಮ್ಮನೆ ತಡವಾದವಳ ಬಗ್ಗೆ ಅದಕ್ಕೆ ಹೇಳೋಕೆ ಒಂದು ಅಕ್ಷರವೂ ಗೊತ್ತಿಲ್ಲ. "ನಾನು ಚೆನ್ನಾಗಿದ್ದೀನಿ, ತಡವಾಗುತ್ತೆ" ಅನ್ನೋ ಮಾತು ಹೇಳೋಕೆ ಬಂದಿರೋದೇ ಈ ಡಬ್ಬಿ.

ಇಷ್ಟರಲ್ಲಿ ಕಾಫಿ ಬಂತು. ಇಬ್ಬರ ಮಾತೂ ನನಗೆ ಸರಿಯೆನಿಸುತ್ತಿತ್ತು. ಆದರೆ ಹುಡುಗಿ ಇನ್ನೂ ಏನನ್ನೋ ಬಾಯೊಳಗೇ ಹಿಡಿದಿದ್ದಾಳೆ ಎಂದೂ ಅನಿಸುತ್ತಿತ್ತು.

ಸೊಸೆ: ಅಲಾಸ್ಕಾದ ಕಾನೂನು ಒಂದು ಹೇಳ್ತೀನಿ. ಅಲ್ಲಿ ಹಾರೋ ಸಣ್ಣ ವಿಮಾನದಲ್ಲಿ ಒಬ್ಬೊಬ್ಬರಿಗೂ ಒಂದು ವಾರಕ್ಕಾಗೋ ಆಹಾರ ಇರಬೇಕು. ಕೊಡಲಿ, ಬೆಂಕಿಪೊಟ್ಟಣ, ಮೀನು ಹಿಡಿಯೋ ಸಾಮಾನು, ತಲೆಗೆ ಹಾಕ್ಕೊಳ್ಳೋ ಸೊಳ್ಳೆಬಲೆ ಇರಬೇಕು. ಚಳಿಗಾಲದಲ್ಲಿ ಹಿಮದ ಮೇಲೆ ನಡೆಯೋ ಪಾದುಕೆ, ಉಣ್ಣೆ ಕಂಬಳಿ. ಅದನ್ನ ಬರೆದೋರಿಗೆ ಕಾಯೋದು ಅಂದರೆ ಏನು ಅಂತ ಗೊತ್ತಿತ್ತು. 1928ರಲ್ಲಿ ವಿಲ್ಕಿನ್ಸ್ ಮತ್ತು ಅವರ ಪೈಲಟ್ ಐಲ್ಸನ್ ಅಲಾಸ್ಕಾದ ಪಾಯಿಂಟ್ ಬ್ಯಾರೋದಿಂದ ಉತ್ತರ ಧ್ರುವಸಮುದ್ರ ದಾಟಿ ಸ್ಪಿಟ್ಸ್‌ಬರ್ಗನ್‌ಗೆ ಹಾರಿದರಲ್ಲ, 20 ಗಂಟೆ ಹಾರಿದ ಮೇಲೆ ಬಿರುಗಾಳಿ. ಗುರಿ ಇನ್ನು ಹತ್ತಿರದಲ್ಲೇ ಇತ್ತು. ಆದರೂ ಪಕ್ಕದ ಪುಟ್ಟ ದ್ವೀಪದ ಹಿಮದ ಮೇಲೆ ಇಳಿಸಿ ಐದು ದಿನ ವಿಮಾನದಲ್ಲೇ ಕೂತರು. ಗಾಳಿ ನಿಂತ ಮೇಲೆ ಎದ್ದು ಹೋಗಿ ಊರು ಸೇರಿದರು. ಆ ಐದು ದಿನ ಅವರನ್ನ ಯಾರೂ "ಹೊರಟಿರಾ?" ಅಂತ ಕೇಳಲಿಲ್ಲ.

ಮಾವ: ಅದೇ ಐಲ್ಸನ್ ಮರುವರ್ಷ ಏನಾದ ಅಂತಾನೂ ಹೇಳು.

ಸೊಸೆ: ಹೌದು. 1929ರ ನವೆಂಬರಿನಲ್ಲಿ, ಸೈಬೀರಿಯಾದ ಕರಾವಳಿಯ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಹಡಗಿಗೆ ಹೋಗುವಾಗ ಬಿರುಗಾಳಿಯಲ್ಲಿ ಕಾಣೆಯಾದ.

ಮಾವ: ವಿಮಾನ ಸಿಕ್ಕಿದ್ದು ಜನವರಿ ಕೊನೆಗೆ. ಎರಡೂವರೆ ತಿಂಗಳು. ಹುಡುಕೋಕೆ ಹೋದ ಪೈಲಟ್‌ಗಳೂ ಅದೇ ಚಳಿಗಾಲದ ಕತ್ತಲಲ್ಲಿ, ಅದೇ ಗಾಳಿಯಲ್ಲಿ ಹಾರಬೇಕಾಯ್ತು. ಒಬ್ಬ ಸುಮ್ಮನಾದರೆ ಅವನ ಹಿಂದೆ ಹತ್ತು ಜನ ಕೆಟ್ಟ ಹವೆಗೆ ಇಳೀತಾರೆ. ನಿನ್ನದೇ ತಗೋ. ಫೇರ್‌ಬ್ಯಾಂಕ್ಸ್‌ನ ವಿಮಾನ ಸೇವಾ ಕೇಂದ್ರಕ್ಕೆ ವಾಪಸಾಗೋಕೆ ಮಂಗಳವಾರ ಮಧ್ಯಾಹ್ನದ ವೇಳೆ ಕೊಟ್ಟಿದ್ದೆ. ಅದು ದಾಟಿ ಅರ್ಧ ಗಂಟೆ ಆಗಿದ್ದರೆ ಅವರು ವಿಚಾರಣೆ ಶುರು ಮಾಡೋರು. ಸುಳಿವು ಸಿಗದಿದ್ದರೆ ಆಮೇಲೆ ವಾಯುಪಡೆಯ ರಕ್ಷಣಾ ಕೇಂದ್ರದಿಂದ ಹೆಲಿಕಾಪ್ಟರ್. ನೀನು ಡಬ್ಬಿಯಿಂದ ಸಹೋದ್ಯೋಗಿಗೆ ಬರೆದು, ಅವನು ಅವರಿಗೆ ಫೋನ್ ಮಾಡಿ ವೇಳೆ ಗುರುವಾರಕ್ಕೆ ಮುಂದೂಡಿಸಿದ. ಅದಕ್ಕೇ ಯಾರೂ ಹೊರಡಲಿಲ್ಲ.

ಸೊಸೆ: ಅದಕ್ಕೆ ಹಳೇ ದಾರೀನೂ ಇದೆ. ಕಣಿವೆಯ ತಳದಿಂದ ರೇಡಿಯೋ ಬೆಟ್ಟ ದಾಟಲ್ಲ, ನಿಜ. ಆದರೆ ಮೇಲೆ ಮೂವತ್ತು ಸಾವಿರ ಅಡಿಯಲ್ಲಿ ಜೆಟ್‌ಗಳು ಹೋಗ್ತಾ ಇರ್ತವೆ, 121.5 ಮೆಗಾಹರ್ಟ್ಸ್‌ನ ತುರ್ತು ಚಾನೆಲ್‌ನಲ್ಲಿ ಕಿವಿ ಇಟ್ಟಿರ್ತಾರೆ. ಕರೆದು "ಇಂಥವಳು ಇಂಥಾ ಕಡೆ ನೆಲದ ಮೇಲೆ ಕ್ಷೇಮ, ಎರಡು ದಿನ ತಡ, ದಯವಿಟ್ಟು ತಿಳಿಸಿ" ಅಂದರೆ ದಾಟಿಸ್ತಾರೆ.

ಮಾವ: ಜೆಟ್ ಬಂದರೆ. ಅವನು ಕೇಳಿಸಿಕೊಂಡರೆ. ನಿನ್ನ ಬ್ಯಾಟರಿ ಇದ್ದರೆ. ನಾನು ಈ "ರೆ"ಗಳ ಮೇಲೆ ಮೂವತ್ತು ವರ್ಷ ಕೂತೋನು.

ಸೊಸೆ: ಡಬ್ಬಿಗೂ "ರೆ" ಇದೆ ಮಾವ. ಕಡಿದಾದ ಕಣಿವೆಯಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತೆ. ಉಪಗ್ರಹ ಆ ಪಟ್ಟಿಗೆ ಬರೋವರೆಗೆ ಸಂದೇಶ ಹೋಗಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ. ಅದಕ್ಕೆ ಮೊದಲ ದಿನ, ಗುರುವಾರ, ಇಳಿದ ತಕ್ಷಣ ಟ್ರ್ಯಾಕಿಂಗ್ ನಿಲ್ಲಿಸಿದೆ. ಆವಾಗ ನಿಮ್ಮ ಮೊದಲ ಸಂದೇಶ ಬಂತು, ನೆನಪಿದೆಯಾ? "ಚುಕ್ಕಿ ನಿಂತಿದೆ ಯಾಕೆ?"

ಮಾವ: ನಕ್ಷೆಯ ಮೇಲೆ ಹತ್ತು ನಿಮಿಷಕ್ಕೊಂದು ಚುಕ್ಕಿ ಮೂಡ್ತಾ ಇತ್ತು. ನಿಂತುಬಿಡ್ತು. ಏನು ಅಂದ್ಕೋಬೇಕು ನಾನು?

ಸೊಸೆ: ಇಳಿದಳು ಅಂದ್ಕೋಬೇಕು. ಪ್ರಶ್ನೆಯೇ ಇಲ್ಲದ ಸುದ್ದಿಯೂ ಇರುತ್ತೆ ಮಾವ. ಫೇರ್‌ಬ್ಯಾಂಕ್ಸ್ ಪಕ್ಕದಲ್ಲಿ ನಾರ್ತ್ ಪೋಲ್ ಅಂತ ಊರಿದೆ. ಅಲ್ಲಿ ಕೆ.ಜೆ.ಎನ್.ಪಿ. ಅನ್ನೋ ರೇಡಿಯೋದಲ್ಲಿ "ಟ್ರ್ಯಾಪ್‌ಲೈನ್ ಚಾಟರ್" ಅಂತ ಕಾರ್ಯಕ್ರಮ ಬರುತ್ತೆ. ಫೋನಿಲ್ಲದ ಕಾಡುಗುಡಿಸಲಲ್ಲಿ ಇರೋರಿಗೆ ಊರಿನೋರು ಕಳಿಸಿದ ಸಂದೇಶಗಳನ್ನ ಒಂದೊಂದಾಗಿ ಓದ್ತಾರೆ. ಇಂಥವರು ಊರು ತಲುಪಿದರು, ಇಂಥವರಿಗೆ ಮಗು ಹುಟ್ಟಿತು, ಹೀಗೆ. ಕೇಳಿದೋರು ತಿರುಗಿ ಉತ್ತರ ಕೊಡೋ ಹಾಗಿಲ್ಲ. ಕೊಡಲಿ ಅಂತ ಯಾರೂ ಬಯಸೋದೂ ಇಲ್ಲ. ನನಗೆ ಆ ಥರದ ಮಾತು ಸಾಕು ಅನ್ನಿಸುತ್ತೆ.

ಮಾವ: ಅದು ಕಾಡಿನಲ್ಲಿರೋರಿಗೆ ಸಮಾಧಾನ. ಊರಿನಲ್ಲಿರೋರ ಪ್ರಶ್ನೆಗೆ ಅದರಲ್ಲಿ ಉತ್ತರ ಎಲ್ಲಿದೆ? ಇರಲಿ, ನೀನು ಸುತ್ತಿ ಬಳಸಿ ಮಾತಾಡ್ತಾ ಇದ್ದೀಯ. ಏನಾಯ್ತು ಅಲ್ಲಿ?

ಅವಳು ಕಾಫಿ ಲೋಟ ಕೆಳಗಿಟ್ಟಳು.

ಸೊಸೆ: ಶನಿವಾರ ಸಂಜೆ ಮೋಡ ಇಳೀತು. ಮಳೆ, ರಾತ್ರಿ ಹಿಮ. ಚೀಲಗಳಿಗೆ ಜಲ್ಲಿ ತುಂಬಿ ನೆಲದಲ್ಲಿ ಹೂತು, ಅದರ ಹಗ್ಗಕ್ಕೆ ರೆಕ್ಕೆಗಳನ್ನ ಕಟ್ಟಿದ್ವಿ. ಭಾನುವಾರ ಹೊರಗೆ ಬಂದರೆ ನದಿ ಏರಿತ್ತು. ನೀರಿನ ಅಂಚಿಗೆ ಒಂದು ಕೋಲು ನೆಟ್ಟೆ. ಗಂಟೆಗೊಂದು ಸಲ ಹೋಗಿ ನೋಡೋದು. ಮಧ್ಯಾಹ್ನದ ಹೊತ್ತಿಗೆ ಕೋಲು ನೀರೊಳಗೆ ಒಂದು ಗೇಣು ಇತ್ತು. ಇಳಿಯೋಕೆ ಬಳಸಿದ ದಂಡೆ ಗಿಡ್ಡ ಆಗ್ತಾ ಇತ್ತು. ಆಮೇಲೆ ಮಳೆ ಸಣ್ಣಗಾಯ್ತು, ಕೋಲು ಇದ್ದಲ್ಲೇ ನಿಂತಿತು. ಅಲ್ಲಿಂದ ಹೊರಗೆ ಬರೋಕೆ ಒಂದು ತಗ್ಗಾದ ಕಣಿವೆದ್ವಾರ ದಾಟಿ ಜಾನ್ ನದಿಯ ಕಡೆ ಹೋಗಬೇಕು. ಆ ದ್ವಾರದ ಕೆಳಗೆ ಒಂದು ಕಪ್ಪುಬಂಡೆ ಇದೆ. ಅದು ಪೂರ್ತಿ ಕಂಡರೆ ಮಾತ್ರ ಹೊರಡೋದು ಅಂತ ಗೆಳತಿಯೂ ನಾನೂ ಮಾತಾಡಿಕೊಂಡಿದ್ವಿ. ಸೋಮವಾರ ಬೆಳಗ್ಗೆ ಬಂಡೆ ಅರ್ಧ ಕಾಣ್ತಿತ್ತು. ಡಬ್ಬಿ ತೆಗೆದೆ. ಒಂಬತ್ತು ಸಂದೇಶ. "ಹೊರಟೆಯಾ?" "ಈಗ ಹೇಗಿದೆ?" ಕೊನೆಯದು ನಿಮ್ಮದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. "ಅಮ್ಮ ಬೆಳಗ್ಗಿಂದ ಏನೂ ತಿಂದಿಲ್ಲ."

ಮಾವ: ನಿಜಾನೇ ಬರೆದಿದ್ದೆ. ತಿಂದಿರಲಿಲ್ಲ.

ಸೊಸೆ: ನಿಜ ಅಂತ ಗೊತ್ತಿತ್ತು. ಅದಕ್ಕೇ ಟೆಂಟ್ ಬಿಚ್ಚಿದೆ. ಗೆಳತಿ ಬೇಡ ಅಂದಳು, ನಾನು "ಹೋಗಿ ನೋಡೋಣ" ಅಂದೆ. ಹನ್ನೊಂದಕ್ಕೆ ಎದ್ವಿ. ಕಣಿವೆಯಲ್ಲಿ ಹೋಗುವಾಗ ಒಂದು ಬದಿಯ ಗೋಡೆಗೆ ಒತ್ತಿಕೊಂಡೇ ಹೋಗಬೇಕು, ತಿರುಗೋಕೆ ಇಡೀ ಅಗಲ ಉಳೀಬೇಕು. ಅದೊಂದು ಪಾಠ ಮರೆತಿರಲಿಲ್ಲ. ಆರು ನಿಮಿಷ ಆಗಿತ್ತು. ಮುಂದಿದ್ದ ದ್ವಾರ ಕಣ್ಣೆದುರೇ ಮುಚ್ಚಿಕೊಳ್ತು. ಬಂಡೆ ಹೋಯ್ತು, ಅದರ ಕೆಳಗಿನ ಹುಲ್ಲೂ ಹೋಯ್ತು. ತಿರುಗಿಸಿದೆ. ಅರ್ಧ ತಿರುವಿನಲ್ಲಿ ಎಡರೆಕ್ಕೆಯ ತುದಿ ಬೆಳ್ಳಗಾಯ್ತು. ಒಂದೆರಡು ಸೆಕೆಂಡು ಅಷ್ಟೇ. ಮತ್ತೆ ನದಿ ಕಾಣ್ತು. ವಾಪಸ್ ಅದೇ ದಂಡೆಯಲ್ಲಿ ಇಳಿಸಿದೆ. ನಿಮಗೆ ಬರೆದಿದ್ದು "ಇನ್ನೂ ಇಲ್ಲೇ ಇದ್ದೀನಿ" ಅಂತ.

ಯಾರೂ ಮಾತಾಡಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಅವಳ ತಾಯಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಈ ಸಂಗತಿ ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಸೊಸೆ: 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದ್ದರು. ಮೋಡದೊಳಗೆ ಹಾರೋ ತರಬೇತಿ ಇಲ್ಲದ 20 ಜನರಿಗೆ, ಮೋಡದಲ್ಲಿದ್ದ ಹಾಗೆ ಹೊರಗಿನ ನೋಟ ಮರೆಮಾಡಿ ವಿಮಾನ ಕೊಟ್ಟರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡು. ಮೂರು ನಿಮಿಷವೂ ಇಲ್ಲ. ನನಗೂ ಆ ತರಬೇತಿ ಇಲ್ಲ ಮಾವ.

ಮಾವ: ಆವತ್ತೇ ಯಾಕೆ ಹೇಳಲಿಲ್ಲ?

ಸೊಸೆ: ಹೇಳಿದ್ದರೆ ಅಮ್ಮ ಮರುದಿನವೂ ತಿನ್ನುತ್ತಿರಲಿಲ್ಲ.

ಮಾವ: ತಪ್ಪಾಯ್ತು ಮಗೂ. ಆ ಸಾಲು ಬರೀಬಾರದಿತ್ತು. ಹಾರ್ತಿರೋ ಪೈಲಟ್‌ಗೆ ನೆಲದಿಂದ ಏನು ಹೇಳಬೇಕು, ಏನು ಹೇಳಬಾರದು ಅಂತ ನಾನೇ ಹುಡುಗರಿಗೆ ಪಾಠ ಮಾಡ್ತಿದ್ದೆ. ನಮ್ಮನೆಯದು ಅಂದಾಗ ಮರೆತೆ. ಆದರೆ ನಿನ್ನದೂ ಒಂದು ತಪ್ಪಿದೆ, ಅದನ್ನ ಹೇಳದೆ ಬಿಡಲ್ಲ. ಸೇವಾ ಕೇಂದ್ರಕ್ಕೆ ಮಂಗಳವಾರ ಮಧ್ಯಾಹ್ನ ಅಂತ ಕೊಟ್ಟೆ. ನಮಗೆ ಏನು ಹೇಳಿದ್ದೆ?

ಸೊಸೆ: ಭಾನುವಾರ ಸಂಜೆ.

ಮಾವ: ಅವರಿಗೆ ಕೊನೆಯ ವೇಳೆ, ನಮಗೆ ಆಸೆಯ ವೇಳೆ! ಭಾನುವಾರ ಸಂಜೆ ದಾಟಿದ ಕೂಡಲೇ ನಮ್ಮ ಲೆಕ್ಕದಲ್ಲಿ ನೀನು ಕಾಣೆಯಾದವಳು. ಅವರ ಲೆಕ್ಕದಲ್ಲಿ ಇನ್ನೂ ರಜೆಯಲ್ಲಿರೋಳು. ಆ ಮಂಗಳವಾರ ನನಗೆ ಮೊದಲೇ ಗೊತ್ತಿದ್ದಿದ್ದರೆ ನಿಮ್ಮಮ್ಮನ ಮುಂದೆ ತಟ್ಟೆ ಇಟ್ಟು "ಇನ್ನೂ ಎರಡು ದಿನ ಇದೆ, ಉಣ್ಣು" ಅಂತಿದ್ದೆ.

ಸೊಸೆ: ಮಂಗಳವಾರ ಅಂದರೆ ಹೆದರ್ತೀರಿ ಅಂತ ಹೇಳಲಿಲ್ಲ.

ಮಾವ: ಇನ್ನೊಂದು. ಬುಧವಾರ ಹೊರಗೆ ಬಂದಿದ್ದು ಹೇಗೆ?

ಸೊಸೆ: ನೀವು ಬರೆದಿದ್ದರಿಂದ. ಅದನ್ನ ಇಲ್ಲ ಅನ್ನಲ್ಲ.

ಮಾವ: ಇಲ್ಲಿ ರಾತ್ರಿ ಒಂಬತ್ತೂವರೆ, ನಿಮಗೆ ಬೆಳಗ್ಗೆ ಎಂಟು. ಅಲ್ಲಿನ ವಿಮಾನಯಾನ ಇಲಾಖೆ ಅಲಾಸ್ಕಾದ ತುಂಬ ಇಟ್ಟಿರೋ ಹವಾಮಾನ ಕ್ಯಾಮೆರಾ ನೋಡ್ತಾ ಕೂತಿದ್ದೆ. ಹತ್ತು ನಿಮಿಷಕ್ಕೊಂದು ಚಿತ್ರ. ಪಕ್ಕದಲ್ಲೇ ತಿಳಿ ದಿನ ತೆಗೆದ ಚಿತ್ರ, ಯಾವ ಬೆಟ್ಟ ಎಷ್ಟು ದೂರ ಅಂತ ಗುರುತು. ಎರಡನ್ನೂ ಹೋಲಿಸ್ತಾ ಹೋಗೋದು. ಬೆಟಲ್ಸ್‌ನಲ್ಲಿ ಬೆಟ್ಟದ ತುದಿ ಕಾಣ್ತು. ಅನಾಕ್ಟುವುಕ್ ಪಾಸ್‌ನಲ್ಲೂ ಕಣಿವೆಯ ಆಚೆ ತುದಿ ಕಾಣ್ತು. ಹಾಗಂತ ಬರೆದೆ.

ಸೊಸೆ: ಕಂಡದ್ದಷ್ಟನ್ನೇ ಬರೆದಿದ್ದಿರಿ. ಹೊರಡು ಅಂತಲೂ ಇರಲಿಲ್ಲ, ಯಾವಾಗ ಅಂತಲೂ ಇರಲಿಲ್ಲ. ಹೊರಗೆ ಬಂದು ನೋಡಿದೆ, ಬಂಡೆ ಪೂರ್ತಿ ಕಾಣ್ತಿತ್ತು. ದ್ವಾರದ ಆಚೆ ಏನಿದೆ ಅಂತ ನನಗೆ ಗೊತ್ತಾಗೋಕೆ ಬೇರೆ ದಾರಿ ಇರಲಿಲ್ಲ.

ಮಾವ: ಮತ್ತೆ ದಿನಕ್ಕೆ ಒಂದೇ ಸಲ ತೆಗೀತೀನಿ ಅಂತೀಯಲ್ಲ?

ಸೊಸೆ: ಈಗಲೂ ಹಾಗೇ ಅಂತೀನಿ. ಬೆಳಗ್ಗೆ ಎಂಟಕ್ಕೆ ತೆಗೀತೀನಿ, ನೀವು ಕಂಡದ್ದನ್ನ ಆ ಹೊತ್ತಿಗೆ ಬರೆದಿಡಿ. ಆಮೇಲೆ ಮುಚ್ಚಿಡ್ತೀನಿ.

ಮಾವ: ಸಂಜೆಯೂ ಒಂದು ಸಲ. ಮಧ್ಯೆ ನದಿ ಏರಿದರೆ? ಗೆಳತಿ ಕಾಲು ಉಳುಕಿಸಿಕೊಂಡರೆ?

ಸೊಸೆ: ಹಾಗಾದರೆ ನಾನೇ ತೆಗೆದು ಕರೀತೀನಿ ಮಾವ. ಕರೆಯೋದು ನನ್ನ ಕೈಲಿರಲಿ.

ಮಾವ: ಒಪ್ಪಲ್ಲ ನಾನು. ಕೈ ಇಲ್ಲದಾಗ ಕರೆಯೋದು ಹೇಗೆ ಅನ್ನೋದೇ ನನ್ನ ಮೂವತ್ತು ವರ್ಷದ ಪ್ರಶ್ನೆ.

ಅದು ಅಲ್ಲಿಗೆ ಬಗೆಹರಿಯಲಿಲ್ಲ. ಸಂಜೆಯ ಸಂದೇಶದ ಬಗ್ಗೆ ಇಬ್ಬರೂ ತಮ್ಮ ತಮ್ಮ ಮಾತಿಗೇ ಅಂಟಿಕೊಂಡರು. ನನ್ನನ್ನು ಕೇಳಿದ್ದರೆ ಸಂಜೆಯೂ ಇರಲಿ ಎನ್ನುತ್ತಿದ್ದೆ, ಆದರೆ ಆ ಜಲ್ಲಿದಂಡೆಯ ಮೇಲೆ ನಾನು ಕೂತಿಲ್ಲ. ಹಿರಿಯರು ಎದ್ದು ಗೋಡೆಯಲ್ಲಿದ್ದ ಹೊಸ ವರ್ಷದ ಕ್ಯಾಲೆಂಡರಿನ ಜೂನ್ ಪುಟ ತೆಗೆದರು. ಮುಂದಿನ ಪ್ರಯಾಣ ಆಗ. ಪೆನ್ಸಿಲ್ ತೆಗೆದುಕೊಂಡು ಅವಳನ್ನೇ ಕೇಳಿ ಕೇಳಿ ಎರಡು ಸಾಲು ಬರೆದರು. ಮೊದಲನೆಯದು: "ಭಾನುವಾರ ಸಂಜೆ 6, ನಮಗೆ ಸೋಮವಾರ ಬೆಳಗ್ಗೆ 7.30. ಬರಬಹುದು." ಅದರ ಕೆಳಗೆ: "ಗುರುವಾರ ಮಧ್ಯಾಹ್ನ 12, ನಮಗೆ ಶುಕ್ರವಾರ ಬೆಳಗಿನ ಜಾವ 1.30. ಅಲ್ಲಿಯವರೆಗೆ ಕೇಳಬಾರದು." ಬದಿಯಲ್ಲಿ ವಿಮಾನದ ನೋಂದಣಿ ಸಂಖ್ಯೆ, ರೆಕ್ಕೆಯ ಬಣ್ಣ, ಫೇರ್‌ಬ್ಯಾಂಕ್ಸ್ ಸೇವಾ ಕೇಂದ್ರದ ಫೋನ್ ನಂಬರ್. ಬರೆದು ಮುಗಿಸಿ, ಎರಡನೆಯ ಸಾಲನ್ನು ಓದಿ ಹೇಳಲು ಅಕ್ಕನನ್ನು ಅಡುಗೆಮನೆಯಿಂದ ಕರೆದರು.